ಪಠ್ಯಮಾತ್ರ ಅಂಚೆ ತಂತ್ರಾಂಶಗಳಲ್ಲಿ ಎಚ್‌ಟಿಎಂಎಲ್ ಮಿಂಚಂಚೆಯ ಕೊಂಡಿಗಳು

ಚಿತ್ರ, ಗುಂಡಿ, ಬಗೆಬಗೆಯ ಅಕ್ಷರವಿನ್ಯಾಸಗಳಿಲ್ಲದೆ ಬರಿಯ ಅಕ್ಷರಗಳನ್ನಷ್ಟೇ ತೋರಿಸುವ ಟರ್ಮಿನಲ್ ಪರದೆಯಲ್ಲಿ ಮಿಂಚಂಚೆಯನ್ನು, ಎಂದರೆ ಇಮೇಲನ್ನು, ಓದಲು, ಬರೆಯಲು ಮತ್ತು ವಿಂಗಡಿಸಲು ಬಳಸುವ ತಂತ್ರಾಂಶಗಳಿಗೆ ಪಠ್ಯಮಾತ್ರ ಅಂಚೆ ತಂತ್ರಾಂಶಗಳೆಂದು ಹೆಸರು. ಜಾಲಪುಟಗಳಿಗಾಗಿ ಹುಟ್ಟಿದ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಪತ್ರವೊಂದು ಇಂಥ ತಂತ್ರಾಂಶಕ್ಕೆ ಬಂದಾಗ ಅದರೊಳಗಿನ ಕೊಂಡಿಗಳನ್ನು, ಬಳಕೆಯ ಮಾತಿನಲ್ಲಿ ಲಿಂಕುಗಳನ್ನು, ಹೇಗೆ ತೋರಿಸಬೇಕು, ಹೇಗೆ ಹೆಕ್ಕಬೇಕು, ಯಾವುದರಲ್ಲಿ ತೆರೆಯಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಪ್ರತಿ ಕೊಂಡಿಗೂ ಎರಡು ಭಾಗಗಳಿರುತ್ತವೆ: ಒಂದು ಕಣ್ಣಿಗೆ ಬೀಳುವ ಮಾತು, ಇನ್ನೊಂದು ಅದರ ಹಿಂದೆ ಕುಳಿತ ವಿಳಾಸ. ಚಿತ್ರರೂಪದ ಅಂಚೆ ತಂತ್ರಾಂಶಗಳು ಮಾತನ್ನು ತೋರಿಸಿ ವಿಳಾಸವನ್ನು ಮರೆಯಲ್ಲಿಡುತ್ತವೆ. ಪಠ್ಯಮಾತ್ರ ತಂತ್ರಾಂಶಗಳಲ್ಲಿ ವಿಳಾಸವನ್ನು ಓದಿಯೇ ಮುಂದುವರಿಯಬೇಕಾಗುತ್ತದೆ. ಈ ಗುಣ ರೋಮನ್ ಲಿಪಿಯ ವಿಳಾಸಗಳಲ್ಲಿ ಚೆನ್ನಾಗಿ ಒದಗುತ್ತದೆಯಾದರೂ ಕನ್ನಡದ ವಿಳಾಸಗಳಲ್ಲಿ ಬಹುಮಟ್ಟಿಗೆ ಸೋರಿಹೋಗುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ವ್ಯವಹಾರ ನಡೆಯುವ ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಊರುಗಳ ಹೆಸರುಗಳನ್ನೇ ಮಾದರಿಯಾಗಿ ಇಟ್ಟುಕೊಂಡು ನೋಡಿದರೆ ಈ ತೊಡಕಿನ ಸ್ವರೂಪ ತಿಳಿಯುತ್ತದೆ.

ಹಿನ್ನೆಲೆ: ಡೇವ್ ಟೇಲರ್ ಬರೆದ ಎಲ್ಮ್ ಎಂಬ ತಂತ್ರಾಂಶ 1986ರ ಹೊತ್ತಿಗೆ ಬಳಕೆಯಲ್ಲಿತ್ತು. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಪೈನ್ ರೂಪುಗೊಂಡಿತು. ಅದರ ಮುಂದುವರಿಕೆಯಾದ ಆಲ್ಪೈನ್ 2007ರಲ್ಲಿ ಬಂದಿತು. ಮೈಕೇಲ್ ಎಲ್ಕಿನ್ಸ್ 1995ರಲ್ಲಿ ಆರಂಭಿಸಿದ ಮಟ್ ಇಂದಿಗೂ ಈ ವರ್ಗದ ಪ್ರಮುಖ ತಂತ್ರಾಂಶವಾಗಿದ್ದು, ನಿಯೋಮಟ್ ಅದರ ಕವಲು. ಇವುಗಳಲ್ಲಿ ಹಳೆಯವು ಹುಟ್ಟಿದಾಗ ಪತ್ರವೆಂದರೆ ಸಾದಾ ಪಠ್ಯವೇ ಆಗಿದ್ದುದರಿಂದ ಕೊಂಡಿಯ ಪ್ರಶ್ನೆಯೇ ಇರಲಿಲ್ಲ. ನೇಥನೀಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿ 1992ರ ಜೂನ್‌ನಲ್ಲಿ ಪ್ರಕಟವಾದ ಮೈಮ್ ಎಂಬ ನಿಯಮಾವಳಿಯು ಒಂದೇ ಪತ್ರದೊಳಗೆ ಬೇರೆ ಬೇರೆ ಬಗೆಯ ಭಾಗಗಳನ್ನು, ರೋಮನ್ನಿನಲ್ಲದ ಲಿಪಿಗಳನ್ನು ಸೇರಿಸಲು ದಾರಿ ಮಾಡಿತು. ಜಾಲದರ್ಶಕ, ಎಂದರೆ ಬ್ರೌಸರ್, ತಂತ್ರಾಂಶಗಳ ಜೊತೆಗೇ ಅಂಚೆಯ ಸೌಲಭ್ಯವೂ ಸೇರಿ ಬರತೊಡಗಿದ ಮೇಲೆ ಎಚ್‌ಟಿಎಂಎಲ್ ಪತ್ರ ಸಾಮಾನ್ಯವಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸೇವೆ ಆರಂಭಿಸಿದಾಗ. ದುಬಾರಿಯಾದ ಚಿತ್ರಸಹಿತ ಸಂಪರ್ಕದ ಪಕ್ಕದಲ್ಲಿ ಶೆಲ್ ಖಾತೆ ಎಂಬ ಅಗ್ಗದ, ಪಠ್ಯಮಾತ್ರ ಸಂಪರ್ಕವೊಂದಿತ್ತು. ವಿದ್ಯಾರ್ಥಿಗಳಿಗೆ ಅದು ಇನ್ನೂ ಕಡಮೆ ದರದಲ್ಲಿ ಸಿಗುತ್ತಿತ್ತು. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ, ನಿಗಮದ ಗಣಕಕ್ಕೆ ಪ್ರವೇಶಿಸಿ, ಅಲ್ಲಿಯೇ ಪೈನ್‌ನಲ್ಲಿ ಪತ್ರ ಓದಿ ಲಿಂಕ್ಸ್ ಎಂಬ ಪಠ್ಯಮಾತ್ರ ಜಾಲದರ್ಶಕದಲ್ಲಿ ಪುಟ ನೋಡುವುದು ಆ ಖಾತೆಯ ಕ್ರಮ. ಕೆಲವೇ ವರ್ಷಗಳಲ್ಲಿ ಈ ಕ್ರಮ ಮರೆಯಾಯಿತಾದರೂ, ಭಾರತದ ಮೊದಲ ತಲೆಮಾರಿನ ಅನೇಕ ಮಿಂಚಂಚೆ ಬಳಕೆದಾರರು ಕೊಂಡಿಯನ್ನು ಒತ್ತುವ ಮೊದಲು ಓದಲು ಕಲಿತದ್ದು ಹೀಗೆಯೇ.

ಕನ್ನಡದ ಮಟ್ಟಿಗೆ ಎಚ್‌ಟಿಎಂಎಲ್ ಪತ್ರ ಕೇವಲ ಅಲಂಕಾರವಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಯುನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದು ಕೆಲಸ ಮಾಡಲು ಹತ್ತು ವರ್ಷಗಳಿಗೂ ಮೀರಿ ಕಾಯಬೇಕಾಯಿತು. ಅಷ್ಟರವರೆಗೆ ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಇಂಥ ಕನ್ನಡವನ್ನು ಪತ್ರದಲ್ಲಿ ಕಳಿಸಬೇಕಾದರೆ ಫಾಂಟಿನ ಹೆಸರು ಹೇಳುವ ಎಚ್‌ಟಿಎಂಎಲ್ ಟ್ಯಾಗ್ ಬೇಕೇ ಬೇಕು. ಪಠ್ಯಮಾತ್ರ ತಂತ್ರಾಂಶವು ಆ ಟ್ಯಾಗನ್ನು ಕಿತ್ತುಹಾಕುವುದರಿಂದ ಉಳಿಯುವುದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು. ಅವುಗಳ ನಡುವೆ ಅರ್ಥವಾಗುವಂಥದ್ದು ಕೊಂಡಿಯ ವಿಳಾಸ ಒಂದೇ. ಹಳೆಯ ಅಂಚೆ ಸಂಗ್ರಹಗಳನ್ನು ಇಂದು ತೆರೆಯುವವರಿಗೆ ಈ ವಿಚಿತ್ರ ಈಗಲೂ ಎದುರಾಗುತ್ತದೆ.

ಪತ್ರದ ರಚನೆ: ಕ್ರಮವಾಗಿ ರಚಿಸಿದ ಎಚ್‌ಟಿಎಂಎಲ್ ಪತ್ರದಲ್ಲಿ ಒಂದೇ ಒಕ್ಕಣೆಯ ಎರಡು ರೂಪಗಳಿರುತ್ತವೆ: ಮೊದಲು ಸಾದಾ ಪಠ್ಯ, ಬಳಿಕ ಎಚ್‌ಟಿಎಂಎಲ್. ಮೈಮ್ ನಿಯಮದಂತೆ ಕೊನೆಯ ರೂಪವೇ ಶ್ರೇಷ್ಠ; ಸ್ವೀಕರಿಸುವ ತಂತ್ರಾಂಶವು ತನಗೆ ತೋರಿಸಲಾಗುವ ರೂಪಗಳಲ್ಲಿ ಕೊನೆಯದನ್ನು ಆಯ್ದುಕೊಳ್ಳಬೇಕು. ಮಟ್‌ನ ಬಳಕೆದಾರರು ‘ಆಲ್ಟರ್ನೇಟಿವ್ ಆರ್ಡರ್’ ಎಂಬ ಆದೇಶದಿಂದ ಈ ಕ್ರಮವನ್ನು ತಿರುವಿ ಸಾದಾ ಪಠ್ಯಕ್ಕೆ ಮೊದಲ ಮಣೆ ಹಾಕುವುದುಂಟು. ಆದರೆ ಈ ಏರ್ಪಾಡು ಕಳಿಸುವವರ ಪ್ರಾಮಾಣಿಕತೆಯನ್ನು ನೆಚ್ಚಿದೆ. ಪತ್ರವನ್ನು ನೋಡಲು ಬೇರೆ ತಂತ್ರಾಂಶ ಬಳಸಿ ಎಂಬ ಒಂದು ಸಾಲನ್ನಷ್ಟೇ ಪಠ್ಯಭಾಗದಲ್ಲಿಟ್ಟು ಕೈತೊಳೆದುಕೊಳ್ಳುವ ಸಂಸ್ಥೆಗಳು ಹಲವು. ಒಕ್ಕಣೆಯನ್ನು ಪೂರ್ತಿ ಕೊಟ್ಟು ಕೊಂಡಿಗಳ ವಿಳಾಸಗಳನ್ನು ಮಾತ್ರ ಬಿಟ್ಟುಬಿಡುವ ಯಾಂತ್ರಿಕ ಪತ್ರಗಳು ಇನ್ನೂ ಹೆಚ್ಚು. ‘ಇಲ್ಲಿ ಒತ್ತಿ’ ಎಂದು ಬರೆದು ಒತ್ತಲು ಏನನ್ನೂ ಇಡದ ಪತ್ರ ಎರಡನೆಯ ಬಗೆಯದು.

ಕೊಂಡಿಗಳನ್ನು ತೋರಿಸುವ ಬಗೆಗಳು: ಆಲ್ಪೈನ್ ಎಚ್‌ಟಿಎಂಎಲ್ಲನ್ನು ತಾನೇ ಬಿಡಿಸಿ ಓದುತ್ತದೆ. ಕೊಂಡಿಯ ಮಾತಿನ ಮುಂದೆ ಚೌಕ ಆವರಣದೊಳಗೆ ವಿಳಾಸದ ಗಣಕದ ಹೆಸರನ್ನು ತಾನಾಗಿಯೇ ತೋರಿಸುವುದು ಅದರ ರೂಢಿ. ಬೇಡವೆನ್ನುವವರು ಅದನ್ನು ನಿಲ್ಲಿಸಬಹುದು. ಬಾಣದ ಕೀಲಿಗಳಿಂದ ಕೊಂಡಿಯನ್ನು ಆರಿಸಿ ಎಂಟರ್ ಒತ್ತಿದಾಗಲೂ ಅದು ನೇರವಾಗಿ ಪುಟ ತೆರೆಯದೆ, ಇಡೀ ವಿಳಾಸವನ್ನು ಪರದೆಯ ತಳದಲ್ಲಿ ಬರೆದು ತೆರೆಯಬೇಕೇ ಎಂದು ಕೇಳುತ್ತದೆ. ಬ್ಯಾಂಕಿನ ಹೆಸರು ಹೇಳಿ ಇನ್ನೆಲ್ಲಿಗೋ ಒಯ್ಯುವ ಕೊಂಡಿ ಈ ಆವರಣದಲ್ಲೇ ಸಿಕ್ಕಿಬೀಳುತ್ತದೆ. ಸುರಕ್ಷತೆಯ ಬಗ್ಗೆ ಬರೆದ ಉದ್ದುದ್ದದ ಎಚ್ಚರಿಕೆಗಳಿಗಿಂತ ಈ ಪುಟ್ಟ ಆವರಣವೇ ಹೆಚ್ಚು ಪ್ರಯೋಜನಕಾರಿ ಎಂದರೆ ತಪ್ಪಾಗದು.

ಮಟ್‌ನ ದಾರಿ ಬೇರೆ. ಅದು ಎಚ್‌ಟಿಎಂಎಲ್ಲನ್ನು ತಾನು ಓದದೆ ಬೇರೊಂದು ತಂತ್ರಾಂಶದ ಕೈಗೆ ಕೊಡುತ್ತದೆ. ಯಾವ ಬಗೆಯ ಭಾಗವನ್ನು ಯಾವ ತಂತ್ರಾಂಶ ತೆರೆಯಬೇಕೆಂದು ಬರೆದಿಡುವ ಪಟ್ಟಿಗೆ ಮೇಲ್‌ಕ್ಯಾಪ್ ಎಂದು ಹೆಸರು. ಅದರ ವಿಧಿಗಳು 1993ರಲ್ಲಿ ಆರ್‌ಎಫ್‌ಸಿ 1524 ಎಂಬ ದಾಖಲೆಯಾಗಿ ಪ್ರಕಟವಾದವು. ಎಚ್‌ಟಿಎಂಎಲ್ ಭಾಗವನ್ನು ಲಿಂಕ್ಸ್‌ಗೆ ಕೊಟ್ಟರೆ ಅದು ಪ್ರತಿ ಕೊಂಡಿಯ ಮುಂದೆ ಚೌಕ ಆವರಣದಲ್ಲಿ ಒಂದು ಅಂಕಿಯನ್ನಿಟ್ಟು, ಪುಟದ ಕೊನೆಯಲ್ಲಿ ಅಂಕಿಗಳ ಅನುಕ್ರಮದಲ್ಲಿ ವಿಳಾಸಗಳ ಪಟ್ಟಿಯನ್ನು ಕೊಡುತ್ತದೆ. ಶಾಸ್ತ್ರಗ್ರಂಥದ ಅಡಿಟಿಪ್ಪಣಿಗಳಿಗೆ ಒಗ್ಗಿದವರಿಗೆ ಇದು ಹೊಸದೇನಲ್ಲ. ಜಪಾನಿನ ಅಕಿನೋರಿ ಇತೊ ಬರೆದ ಡಬ್ಲ್ಯು3ಎಂ ಎಂಬ ಜಾಲದರ್ಶಕವು ಕೋಷ್ಟಕಗಳನ್ನು ಲಿಂಕ್ಸ್‌ಗಿಂತ ಅಚ್ಚುಕಟ್ಟಾಗಿ ಬಿಡಿಸುತ್ತದೆ, ಆದರೆ ಕೇಳದ ಹೊರತು ವಿಳಾಸಗಳನ್ನು ಬರೆಯುವುದಿಲ್ಲ. ಡಬ್ಲ್ಯು3ಎಂ ಬಳಸತೊಡಗಿದವರು ಪತ್ರದ ಕೊಂಡಿಗಳೆಲ್ಲ ಎಲ್ಲಿ ಹೋದವೆಂದು ಹುಡುಕುವುದಕ್ಕೆ ಇದೇ ಕಾರಣ; ಕೊಂಡಿಗಳಿಗೆ ಅಂಕಿ ಹಾಕುವ ಆಯ್ಕೆಯನ್ನು ಮೇಲ್‌ಕ್ಯಾಪ್ ಸಾಲಿನಲ್ಲಿ ಸೇರಿಸಿದರೆ ಅವು ಮರಳಿ ಕಾಣುತ್ತವೆ.

ತೋರಿಸಿದ ಮೇಲೆ ಹೆಕ್ಕುವ ಕೆಲಸ. ಎಲ್ಕಿನ್ಸ್ ಅವರೇ ಬರೆದ ಯುಆರ್‌ಎಲ್‌ವ್ಯೂ ಎಂಬ ಪುಟ್ಟ ಸಾಧನವು ಪಠ್ಯದಲ್ಲಿ ವಿಳಾಸದಂತೆ ಕಾಣುವುದನ್ನೆಲ್ಲ ಒಂದು ಸೂತ್ರದ ನೆರವಿನಿಂದ ಗುರುತಿಸಿ ಪಟ್ಟಿಮಾಡುತ್ತದೆ. ಮಟ್‌ನಲ್ಲಿ ಕಂಟ್ರೋಲ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಇದನ್ನು ಕರೆಯುವುದು ರೂಢಿ. ಈ ಸಾಧನಕ್ಕೆ ಪತ್ರವನ್ನು ಸಾಗಣೆಯ ಕಚ್ಚಾ ರೂಪದಲ್ಲಿ ಕೊಟ್ಟರೆ ಕೊಂಡಿಗಳು ಮುರಿದು ಬರುತ್ತವೆ. ಸಾಗಣೆಗಾಗಿ ಬಳಸುವ ಕೋಟೆಡ್ ಪ್ರಿಂಟಬಲ್ ಎಂಬ ಸಂಕೇತಕ್ರಮವು ಯಾವ ಸಾಲೂ 76 ಅಕ್ಷರಗಳನ್ನು ಮೀರದಂತೆ ಕತ್ತರಿಸುತ್ತದೆ ಮತ್ತು ವಿಳಾಸದಲ್ಲಿರುವ ಪ್ರತಿ ಸಮ ಚಿಹ್ನೆಯ ಹಿಂದೆ 3ಡಿ ಎಂಬ ಬಾಲವನ್ನು ಅಂಟಿಸುತ್ತದೆ. ಕನ್ನಡದ ಪತ್ರಗಳು ಹಲವು ಸಲ ಬೇಸ್64 ಎಂಬ ಇನ್ನೊಂದು ಕ್ರಮದಲ್ಲಿ ಬರುವುದರಿಂದ ಕಚ್ಚಾ ರೂಪದಲ್ಲಿ ಹುಡುಕಿದರೆ ಅವುಗಳಲ್ಲಿ ಒಂದು ಕೊಂಡಿಯೂ ಸಿಗದು. ‘ಪೈಪ್ ಡಿಕೋಡ್’ ಎಂಬ ಆಯ್ಕೆಯನ್ನು ಮಟ್‌ನಲ್ಲಿ ಜಾರಿಗೆ ತಂದರೆ ಬಿಡಿಸಿದ ಪಠ್ಯವೇ ಸಾಧನಕ್ಕೆ ಹೋಗಿ ಈ ತೊಂದರೆ ನೀಗುತ್ತದೆ. ಮುಂದೆ ಬಂದ ಯುಆರ್‌ಎಲ್‌ಸ್ಕ್ಯಾನ್ ಸೂತ್ರವನ್ನಷ್ಟೇ ನೆಚ್ಚದೆ ಮೈಮ್ ಭಾಗಗಳನ್ನೂ ಎಚ್‌ಟಿಎಂಎಲ್ ಟ್ಯಾಗುಗಳನ್ನೂ ತಾನೇ ಬಿಡಿಸಿ, ಪ್ರತಿ ವಿಳಾಸವನ್ನು ಅದರ ಆಚೀಚೆಯ ಮಾತುಗಳೊಡನೆ ತೋರಿಸುವುದರಿಂದ ಹೆಚ್ಚು ನಂಬಲರ್ಹ.

ಉದ್ದನೆಯ ವಿಳಾಸಗಳು ಪರದೆಯ 80 ಕಂಬಗಳನ್ನು ದಾಟಿ ಎರಡು ಮೂರು ಸಾಲುಗಳಾದಾಗ, ಮುಂದುವರಿದ ಸಾಲಿನ ಆರಂಭದಲ್ಲಿ ಮಟ್ ಕೂಡಿಸುವ ಚಿಹ್ನೆಯನ್ನು ಇಡುತ್ತದೆ. ಮೌಸ್‌ನಿಂದ ನಕಲು ಮಾಡುವವರ ವಿಳಾಸದೊಳಗೆ ಆ ಚಿಹ್ನೆಯೂ ಸೇರಿಕೊಳ್ಳುವುದರಿಂದ ಅದನ್ನು ನಿಲ್ಲಿಸುವುದೇ ಲೇಸು. ಟರ್ಮಿನಲ್ಲಿನಲ್ಲೇ ಒತ್ತಬಹುದಾದ ಕೊಂಡಿಗಳಿಗಾಗಿ 2017ರ ಹೊತ್ತಿಗೆ ಓಎಸ್‌ಸಿ 8 ಎಂಬ ಸಂಜ್ಞಾಕ್ರಮ ಬಂದಿದೆ. ಅದನ್ನು ಬಲ್ಲ ಟರ್ಮಿನಲ್‌ಗಳಲ್ಲಿ ಮಾತು ಮಾತ್ರ ಕಂಡು ವಿಳಾಸ ಮರೆಯಾಗುತ್ತದೆ. ಯಾವ ದೋಷವಿಲ್ಲವೆಂದು ಪಠ್ಯಮಾತ್ರ ತಂತ್ರಾಂಶವನ್ನು ಹೊಗಳಲಾಗುತ್ತಿತ್ತೋ ಅದೇ ದೋಷ ಹೊಸ ಸೌಲಭ್ಯದ ಹೆಸರಿನಲ್ಲಿ ಒಳಗೆ ಬಂದಂತಾಗಿದೆ.

ಕನ್ನಡದ ವಿಳಾಸಗಳು: ಜಾಲವಿಳಾಸಗಳಲ್ಲಿ ಮೂಲತಃ ರೋಮನ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆ ಮಾತ್ರ ಜಾಗವಿದೆ. ಬೇರೆ ಲಿಪಿಯ ಅಕ್ಷರ ಬಂದಾಗ ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಅದರ ಪ್ರತಿ ಬೈಟಿಗೂ ಒಂದು ಶೇಕಡಾ ಚಿಹ್ನೆಯನ್ನೂ ಎರಡು ಷೋಡಶಮಾನ ಅಂಕಿಗಳನ್ನೂ ಬರೆಯುವ ಕ್ರಮವಿದೆ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ ಒಂದು ಸಂಕೇತ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಇಲ್ಲಿ ಸಂಕೇತವೆಂದರೆ ಬರಹದ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ವಿರಾಮ ಪ್ರತಿಯೊಂದೂ ಬೇರೆ ಬೇರೆ ಸಂಕೇತ. ‘ಅಥಣಿ’ ಎಂಬಲ್ಲಿ ಅ, ಥ, ಣ ಮತ್ತು ಇಕಾರದ ಗುಡಿಸು ಸೇರಿ ನಾಲ್ಕು ಸಂಕೇತಗಳು. ಅದು ವಿಳಾಸದಲ್ಲಿ 36 ಅಕ್ಷರಗಳಾಗುತ್ತದೆ. ‘ಚಿಕ್ಕೋಡಿ’ ಕೂಡ ಬರಹದಲ್ಲಿ ಮೂರೇ ಅಕ್ಷರಗಳಾದರೂ ಒತ್ತಕ್ಷರ ಮತ್ತು ಸ್ವರಚಿಹ್ನೆಗಳಿಂದಾಗಿ ಎಂಟು ಸಂಕೇತಗಳಾಗಿ, 72 ಅಕ್ಷರಗಳನ್ನು ಬೇಡುತ್ತದೆ. ‘ನಿಪ್ಪಾಣಿ’ಯದೂ ಇದೇ ಲೆಕ್ಕ. ನಾಲ್ಕು ಅಕ್ಷರಗಳ ‘ರಾಯಬಾಗ’ ಮತ್ತು ‘ಕಾಗವಾಡ’ ಒತ್ತಕ್ಷರವಿಲ್ಲದ ಕಾರಣ ತಲಾ 54ರಲ್ಲಿ ಮುಗಿಯುತ್ತವೆ. ಐದೂ ಹೆಸರುಗಳು ಒಂದೇ ವಿಳಾಸದಲ್ಲಿ ಬಂದರೆ 288 ಅಕ್ಷರಗಳು, ಎಂದರೆ 80 ಕಂಬಗಳ ಪರದೆಯ ಮೂರೂವರೆ ಸಾಲುಗಳಿಗೂ ಹೆಚ್ಚು, ಶೇಕಡಾ ಚಿಹ್ನೆ ಮತ್ತು ಅಂಕಿಗಳಿಂದಲೇ ತುಂಬುತ್ತವೆ.

ಲೇಖನದ ಶೀರ್ಷಿಕೆಯನ್ನೇ ವಿಳಾಸವಾಗಿ ಬಳಸುವ ಕನ್ನಡ ವಿಕಿಪೀಡಿಯದ ಕೊಂಡಿಗಳು ಪಠ್ಯಮಾತ್ರ ತಂತ್ರಾಂಶದಲ್ಲಿ ಹೀಗೆಯೇ ಕಾಣುತ್ತವೆ. ವಿಳಾಸ ಕಣ್ಣೆದುರಿಗೆ ಇದೆ, ಆದರೆ ಓದಲಾಗದು. ಚಿಕ್ಕೋಡಿಯ ಪುಟಕ್ಕೋ ನಿಪ್ಪಾಣಿಯ ಪುಟಕ್ಕೋ ಎಂಬುದು ತಿಳಿಯುವಂತಿಲ್ಲ. ಶೇಕಡಾ ರೂಪವನ್ನು ತಿರುಗಿ ಕನ್ನಡಕ್ಕೆ ಬಿಡಿಸುವ ನಾಲ್ಕಾರು ಸಾಲಿನ ಪೈಥಾನ್ ಅಥವಾ ಪರ್ಲ್ ಕ್ರಮವಿಧಿಯನ್ನು ಮೇಲ್‌ಕ್ಯಾಪ್ ಮತ್ತು ಪರದೆಯ ನಡುವೆ ಇಟ್ಟುಕೊಂಡರೆ ಹೆಸರು ಓದುವಂತಾಗುತ್ತದೆ. ತೆರೆಯುವಾಗ ಮಾತ್ರ ಮೂಲರೂಪವನ್ನೇ ಬಳಸಬೇಕು.

ಬಿಡಿಸಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ‘ಕ್ಕೋ’ದಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಕಡತಗಳ ಹೆಸರನ್ನು ಬಿಡಿಸಿಡುವ ಎಚ್‌ಎಫ್‌ಎಸ್ ಪ್ಲಸ್ ಎಂಬ ಆಪಲ್ ಕಡತವ್ಯವಸ್ಥೆಯಿಂದ ಬಂದ ‘ಚಿಕ್ಕೋಡಿ’ಯಲ್ಲಿ ಹತ್ತು ಸಂಕೇತಗಳಿದ್ದು ಅದು ವಿಳಾಸದಲ್ಲಿ 90 ಅಕ್ಷರಗಳಾಗುತ್ತದೆ. ಒಂದು ರೂಪದಲ್ಲಿ ಏರಿಸಿದ ಕಡತವನ್ನು ಇನ್ನೊಂದು ರೂಪದ ಕೊಂಡಿಯಿಂದ ತೆರೆಯಹೋದರೆ ಅಂಥ ಕಡತವಿಲ್ಲವೆಂಬ ಉತ್ತರ ಬರಬಹುದು. ನಿಪ್ಪಾಣಿ, ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಇಂಥ ಕೂಡುಸ್ವರ ಇಲ್ಲದ್ದರಿಂದ ಅವುಗಳಿಗೆ ಈ ಕಾಟವಿಲ್ಲ.

ವಿಭಕ್ತಿಪ್ರತ್ಯಯಗಳು ಒಡ್ಡುವ ತೊಡಕು ಕನ್ನಡದ ವ್ಯಾಕರಣಕ್ಕೇ ಸೇರಿದ್ದು. ಇಂಗ್ಲಿಷಿನಲ್ಲಿ ವಿಳಾಸದ ಹಿಂದೆಮುಂದೆ ತೆರಪಿರುತ್ತದೆ; ಕನ್ನಡದಲ್ಲಿ ‘ಗೆ’, ‘ನಲ್ಲಿ’, ‘ನಿಂದ’ ಎಂಬ ಪ್ರತ್ಯಯಗಳು ವಿಳಾಸದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಜಾಲತಾಣದ ಹೆಸರು ಬರೆದು ಅದಕ್ಕೆ ‘ಗೆ’ ಸೇರಿಸಿ ‘ಭೇಟಿ ನೀಡಿ’ ಎಂದು ಮುಗಿಸುವುದು ಪ್ರಕಟಣೆಗಳ ಸಾಮಾನ್ಯ ಶೈಲಿ. ರೋಮನ್ನಿನಲ್ಲದ ಅಕ್ಷರಗಳನ್ನೂ ಒಪ್ಪುವ ಸೂತ್ರವಿದ್ದರೆ ಹೆಕ್ಕುವ ಸಾಧನವು ಆ ‘ಗೆ’ಯನ್ನೂ ವಿಳಾಸದ ಭಾಗವೆಂದೇ ಎಣಿಸಿ ಇಲ್ಲದ ಪುಟಕ್ಕೆ ಒಯ್ಯುತ್ತದೆ, ರೋಮನ್ ಮಾತ್ರ ಒಪ್ಪುವ ಸೂತ್ರವಿದ್ದರೆ ಪ್ರತ್ಯಯ ಸರಿಯಾಗಿಯೇ ಕಳಚಿಕೊಳ್ಳುತ್ತದೆ, ಆದರೆ ನಿಜವಾದ ಕನ್ನಡ ವಿಳಾಸಗಳೂ ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಸೂತ್ರವನ್ನು ಎಷ್ಟು ತಿದ್ದಿದರೂ ಎರಡನ್ನೂ ಒಟ್ಟಿಗೆ ಸಾಧಿಸಲಾಗದು, ಏಕೆಂದರೆ ಹೆಸರು ಎಲ್ಲಿ ಮುಗಿದು ಪ್ರತ್ಯಯ ಎಲ್ಲಿ ಶುರುವಾಯಿತೆಂಬುದು ಭಾಷೆ ಬಲ್ಲವರಿಗೆ ಮಾತ್ರ ಗೊತ್ತು. ಇದರ ಜೊತೆಗೆ, ಒತ್ತಕ್ಷರವಾಗದಂತೆ ತಡೆಯಲು ಬರಹಗಾರರು ಬಳಸುವ ಶೂನ್ಯಾಗಲದ ಬೇರ್ಪಡಿಕೆಯ ಸಂಕೇತವು ಕಣ್ಣಿಗೆ ಕಾಣದೆಯೇ ವಿಳಾಸದೊಳಗೆ ನುಸುಳುವುದುಂಟು. ಪ್ರತ್ಯಯ ಹೆಸರಿಗೆ ಅಂಟುವ ಮರಾಠಿಯಲ್ಲೂ ಇದೇ ಕಷ್ಟವಿರುವುದರಿಂದ, ಗಡಿಭಾಗದ ಎರಡೂ ಭಾಷೆಗಳ ಪತ್ರಗಳಿಗೆ ಪರಿಹಾರ ಒಂದೇ: ವಿಳಾಸವನ್ನು ಕೋನಾಕಾರದ ಆವರಣಚಿಹ್ನೆಗಳ ನಡುವೆ ಇಟ್ಟು ಪ್ರತ್ಯಯವನ್ನು ಹೊರಗೆ ಬರೆಯುವುದು. ವಿಳಾಸಗಳ ವ್ಯಾಕರಣವನ್ನು ನಿರೂಪಿಸುವ 2005ರ ಆರ್‌ಎಫ್‌ಸಿ 3986 ಕೂಡ ಪಠ್ಯದ ನಡುವಿನ ವಿಳಾಸಕ್ಕೆ ಇದೇ ಆವರಣವನ್ನು ಸೂಚಿಸುತ್ತದೆ.

ಡೊಮೇನ್ ಹೆಸರುಗಳ ಪರೀಕ್ಷೆ: ಕೊಂಡಿಯ ವಿಳಾಸದಲ್ಲಿ ಮೋಸವನ್ನು ಪತ್ತೆಹಚ್ಚಲು ನೋಡಬೇಕಾದ್ದು ಡೊಮೇನ್ ಹೆಸರನ್ನು, ಅದನ್ನೂ ಬಲದಿಂದ ಎಡಕ್ಕೆ. ಎಡಗಡೆಗೆ ಯಾವ ಬ್ಯಾಂಕಿನ ಹೆಸರನ್ನಾದರೂ ಯಾರಾದರೂ ಸೇರಿಸಬಹುದು. ಒಡೆತನ ತಿಳಿಯುವುದು ಬಲಗಡೆಯ ಎರಡು ಮೂರು ತುಂಡುಗಳಿಂದ. ಹೆಸರಿನ ಕಾಗುಣಿತ ನೋಡಿ ನಕಲನ್ನು ಗುರುತಿಸಬಹುದೆಂಬ ಸಾಮಾನ್ಯ ಸಲಹೆ ಬೆಳಗಾವಿಯ ಈ ಗಡಿಭಾಗದಲ್ಲಿ ಹೆಚ್ಚು ನಡೆಯದು. ರೋಮನ್ ಲಿಪಿಯಲ್ಲಿ ಚಿಕ್ಕೋಡಿಗೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಎರಡು ‘ಕೆ’, ರೈಲು ನಿಲ್ದಾಣದ ಹೆಸರಿನಲ್ಲಿ ಒಂದೇ ‘ಕೆ’, ನಿಪ್ಪಾಣಿಗೆ ಒಂದು ‘ಪಿ’ಯೂ ಉಂಟು, ಎರಡೂ ಉಂಟು, ರಾಯಬಾಗದ ನಡುವೆ ‘ಐ’ ಬರೆಯುವವರೂ ಇದ್ದಾರೆ, ‘ವೈ’ ಬರೆಯುವವರೂ ಇದ್ದಾರೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬೆಳಗಾವಿ ಎಂದು ಬದಲಾಗಿದ್ದರೂ ಹಳೆಯ ಇಂಗ್ಲಿಷ್ ರೂಪ ಇನ್ನೂ ಬಳಕೆಯಿಂದ ಹೋಗಿಲ್ಲ. ಊರಿನ ಹೆಸರಿಗೇ ಎರಡು ಮೂರು ಸರಿಯಾದ ಕಾಗುಣಿತಗಳಿರುವಲ್ಲಿ ನಾಲ್ಕನೆಯದೊಂದು ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಈ ದೃಷ್ಟಿಯಿಂದ ರಿಸರ್ವ್ ಬ್ಯಾಂಕಿನ ಕ್ರಮವೊಂದು ಉಲ್ಲೇಖನೀಯ. ಬ್ಯಾಂಕುಗಳಿಗೆ ಮಾತ್ರ ಮೀಸಲಾದ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಡೊಮೇನನ್ನು ಅದು 2025ರ ಫೆಬ್ರುವರಿಯಲ್ಲಿ ಘೋಷಿಸಿ, ಬ್ಯಾಂಕುಗಳು ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ಅಲ್ಲಿಗೆ ಸಾಗಿಸಬೇಕೆಂದು ಸೂಚಿಸಿತು. ಆವರಣದೊಳಗೆ ಗಣಕದ ಹೆಸರು ತೋರಿಸುವ ಆಲ್ಪೈನ್‌ನಂಥ ತಂತ್ರಾಂಶದಲ್ಲಿ ಈ ಬಾಲವಿದೆಯೇ ಇಲ್ಲವೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಸಹಕಾರ ಚಳವಳಿ ಬೇರೂರಿದ ಈ ಭಾಗದಲ್ಲಿ ಜನರ ಠೇವಣಿಯ ಒಂದು ಪಾಲು ಸೌಹಾರ್ದ ಪತ್ತಿನ ಸಹಕಾರಿಗಳಲ್ಲಿಯೂ ಇರುತ್ತದೆ; ಅವು ಬ್ಯಾಂಕುಗಳಲ್ಲದ್ದರಿಂದ ಅವುಗಳ ಹೆಸರಿನ ಪತ್ರಗಳಿಗೆ ಈ ಗುರುತು ಒದಗುವುದಿಲ್ಲ.

ಕನ್ನಡ ಲಿಪಿಯಲ್ಲೇ ಡೊಮೇನ್ ಹೆಸರು ಪಡೆಯಲು ‘ಭಾರತ’ ಎಂಬ ಕನ್ನಡ ಮೇಲ್ತುದಿಯ ಹೆಸರೂ ಇದೆ. ಡೊಮೇನ್ ವ್ಯವಸ್ಥೆಯ ಒಳಗೆ ಅದು ಪ್ಯುನಿಕೋಡ್ ಎಂಬ ಬೇರೆಯೇ ಸಂಕೇತಕ್ರಮದಲ್ಲಿ, ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೋಮನ್ ಸರಣಿಯಾಗಿರುತ್ತದೆ. ಪತ್ರದಲ್ಲಿ ವಿಳಾಸ ಈ ರೂಪದಲ್ಲೇ ಬಂದಿದ್ದರೆ ಪಠ್ಯಮಾತ್ರ ತಂತ್ರಾಂಶಗಳು ಸಾಮಾನ್ಯವಾಗಿ ಅದನ್ನು ಹಾಗೆಯೇ ತೋರಿಸುತ್ತವೆ. ಓದಲಾಗದಿದ್ದರೂ ಇದರಿಂದ ಒಂದು ಲಾಭವಿದೆ: ಕನ್ನಡದ ಸೊನ್ನೆಯ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ಥರ, ಕನ್ನಡ ಮತ್ತು ತೆಲುಗು ಲಿಪಿಗಳ ಎಷ್ಟೋ ಅಕ್ಷರಗಳೂ ಹಾಗೆಯೇ, ಕಣ್ಣು ಮೋಸಹೋಗುವ ಇಂಥ ಜೋಡಿಗಳು ಪ್ಯುನಿಕೋಡ್‌ನಲ್ಲಿ ಬೇರೆ ಬೇರೆಯಾಗಿಯೇ ಕಾಣುತ್ತವೆ.

ಪರದೆಯಲ್ಲಿ ಕನ್ನಡ: ಟರ್ಮಿನಲ್ ಎಂಬುದು ಸಮಾನ ಅಗಲದ ಚೌಕಗಳ ಜಾಲ. ಒಂದು ಚೌಕಕ್ಕೆ ಒಂದು ಅಕ್ಷರವೆಂಬ ಲೆಕ್ಕ ರೋಮನ್ನಿಗೆ ಹೊಂದುತ್ತದೆ. ಅಡಿಯಲ್ಲಿ ಒತ್ತು, ಪಕ್ಕದಲ್ಲಿ ದೀರ್ಘ, ತಲೆಯ ಮೇಲೆ ಗುಡಿಸು ಪಡೆಯುವ ಕನ್ನಡಕ್ಕೆ ಹೊಂದುವುದಿಲ್ಲ. ಒತ್ತಕ್ಷರಗಳು ಬಿಡಿಯಾಗುವುದು, ಸಾಲಿನ ಅಗಲ ತಪ್ಪಿ ಕೊಂಡಿಯ ಅಂಕಿ ಬೇರೆ ಪದದ ಮುಂದೆ ನಿಲ್ಲುವುದು ಹಲವು ಟರ್ಮಿನಲ್‌ಗಳಲ್ಲಿ ಕಾಣುವ ದೋಷಗಳು. ಭಾರತೀಯ ಲಿಪಿಗಳನ್ನೂ ಗಮನದಲ್ಲಿಟ್ಟು ರೂಪಿಸಿದ ಎಂಎಲ್‌ಟರ್ಮ್‌ನಂಥವು ಬೆರಳೆಣಿಕೆಯಷ್ಟು.

ಜಾಡು ಹಿಡಿಯುವ ಕೊಂಡಿಗಳು: ಎಚ್‌ಟಿಎಂಎಲ್ ಪತ್ರ ತೆರೆದ ಕೂಡಲೇ ದೂರದ ಗಣಕದಿಂದ ಒಂದು ಕಾಣದ ಚುಕ್ಕೆಯ ಚಿತ್ರವನ್ನು ತರಿಸಿ, ಯಾರು ಯಾವಾಗ ಓದಿದರೆಂಬುದನ್ನು ದಾಖಲಿಸುವ ರೂಢಿ ವ್ಯಾಪಾರೀ ಅಂಚೆಯಲ್ಲಿದೆ. ಪಠ್ಯಮಾತ್ರ ತಂತ್ರಾಂಶ ಚಿತ್ರಗಳನ್ನು ತರಿಸದ ಕಾರಣ ಈ ಜಾಡು ಅಲ್ಲಿಗೇ ನಿಲ್ಲುತ್ತದೆ. ಪತ್ರದ ಎಚ್‌ಟಿಎಂಎಲ್ ಭಾಗವನ್ನು ಚಿತ್ರರೂಪದ ಜಾಲದರ್ಶಕಕ್ಕೆ ಕಳಿಸಿ ನೋಡಿದರೆ ಮಾತ್ರ ಆ ರಕ್ಷಣೆ ತಪ್ಪುತ್ತದೆ. ಮೂಲ ವಿಳಾಸದ ಬದಲು ಎಣಿಕೆಯ ಗಣಕವೊಂದರ ವಿಳಾಸವನ್ನಿಟ್ಟು ಅಲ್ಲಿಂದ ಮುಂದಕ್ಕೆ ದಾಟಿಸುವ ಕೊಂಡಿಗಳ ವಿಷಯ ಹೀಗಲ್ಲ: ವಿಳಾಸವನ್ನು ಎಷ್ಟು ಎಚ್ಚರದಿಂದ ಓದಿದರೂ ಅದು ಕೊನೆಗೆ ಎಲ್ಲಿಗೆ ಮುಟ್ಟಿಸುತ್ತದೆಂಬುದು ಅದರಲ್ಲಿ ಬರೆದಿರುವುದಿಲ್ಲ.

ಅಂಚೆಪಟ್ಟಿಯಿಂದ ಹೊರಬರುವ ಕೊಂಡಿಯನ್ನು ಪತ್ರದ ತಳದ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕಾಗಿಲ್ಲ. 1998ರ ಆರ್‌ಎಫ್‌ಸಿ 2369ರ ಪ್ರಕಾರ ಅದನ್ನು ಪತ್ರದ ತಲೆಬರಹದಲ್ಲೇ ಕೊಡಬಹುದು. ಒಂದೇ ಒತ್ತಿಗೆ ಹೊರಬರುವ ಕ್ರಮವನ್ನು 2017ರ ಆರ್‌ಎಫ್‌ಸಿ 8058 ಸೇರಿಸಿತು, ಮತ್ತು ಗೂಗಲ್ ಹಾಗೂ ಯಾಹೂ ಸಂಸ್ಥೆಗಳು ಸಗಟು ಅಂಚೆ ಕಳಿಸುವವರಿಗೆ 2024ರಿಂದ ಅದನ್ನು ಕಡ್ಡಾಯಗೊಳಿಸಿವೆ. ಮಟ್‌ನಲ್ಲಿ ‘ಎಚ್’ ಕೀಲಿಯನ್ನು ಒತ್ತಿದರೆ ಅಡಗಿರುವ ತಲೆಬರಹಗಳೆಲ್ಲ ತೆರೆದುಕೊಳ್ಳುತ್ತವೆ. ಅಲ್ಲಿ ಜಾಲವಿಳಾಸದ ಜೊತೆಗೆ ಅಂಚೆವಿಳಾಸವೂ ಇದ್ದರೆ ಜಾಲದರ್ಶಕದ ಗೊಡವೆಯೇ ಬೇಡ; ಆ ವಿಳಾಸಕ್ಕೆ ಒಂದು ಖಾಲಿ ಪತ್ರ ಬರೆದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.